ಏಪ್ರಿಲ್ ರಜೆಯಲ್ಲಿ ಶಾಲೆಯ ತೋಟಕ್ಕೆ ನೀರು ಹಾಕುವವರು ಯಾರು?

ಹೊಂಗೆನೆರಳು (ಬೆಂಗಳೂರು)

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ಮಕ್ಕಳ ಪರಿಸರ ಸಂಘವಾದ ಇಕೋ ಕ್ಲಬ್ಬಿನ ಹೊಣೆಯೂ ನನ್ನದೇ. ನಮ್ಮ ಕೈತೋಟದಲ್ಲಿ ಈಗ ದಂಟು, ಮೆಂತ್ಯ, ಬದನೆ, ಟೊಮ್ಯಾಟೊ ಇವೆ. ಕಾಂಪೌಂಡಿಗೆ ಹಬ್ಬಿಸಿದ ಚಪ್ಪರದವರೆ ಇನ್ನೂ ಕಾಯಿ ಬಿಡುತ್ತಿದೆ. ಮಕ್ಕಳು ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಬಂದು ತೋಟ ಸುತ್ತುತ್ತಾರೆ. ಆದರೆ ಏಪ್ರಿಲ್ ಎರಡನೆಯ ವಾರ ಬೇಸಿಗೆ ರಜೆ ಬಿದ್ದರೆ ಶಾಲೆಯ ಬಾಗಿಲು ಮತ್ತೆ ತೆರೆಯುವುದು ಮೇ ಕೊನೆಗೆ. ಆ ಒಂದೂವರೆ ತಿಂಗಳಲ್ಲಿ ತೋಟದ ಗತಿ ಏನಾಗುತ್ತದೆ ಎಂಬುದು ನಗರದ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆಮೇಲೆ ಜೂನ್ 5ರ ವಿಶ್ವ ಪರಿಸರ ದಿನಕ್ಕೆ ಅತಿಥಿಗಳು ಬರುತ್ತಾರೆ, ಅದೇ ಗುಂಡಿಯಲ್ಲಿ ಹೊಸ ಸಸಿ ನೆಡುತ್ತಾರೆ, ಫೋಟೊ ತೆಗೆಯುತ್ತಾರೆ.

ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್, ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ 1991ರಷ್ಟು ಹಿಂದೆಯೇ ಹೇಳಿದೆ. ಪಠ್ಯವಿದೆ, ಇಕೋ ಕ್ಲಬ್ಬುಗಳಿಗೆಂದು ರಾಷ್ಟ್ರೀಯ ಹಸಿರು ಪಡೆ ಯೋಜನೆ ಬಂತು. ಶಾಲಾ ಪೌಷ್ಟಿಕ ಕೈತೋಟಕ್ಕೆಂದು 2019ರ ಅಕ್ಟೋಬರ್‌ನಲ್ಲಿ ಕೇಂದ್ರದ ಮಾರ್ಗಸೂಚಿಯೂ ಬಂತು. ನಗರದಲ್ಲಿ ನೆಲವಿಲ್ಲದಿದ್ದರೆ ಕುಂಡ, ಚೀಲ, ತಾರಸಿಯಲ್ಲಾದರೂ ಬೆಳೆಯಿರಿ ಎನ್ನುತ್ತದೆ ಅದು. ತೋಟ ಶುರು ಮಾಡಲು ಬೇಕಾದಷ್ಟು ತರಬೇತಿಗಳಿವೆ, ಉಳಿಸಿಕೊಳ್ಳುವ ಬಗೆಯನ್ನು ಮಾತ್ರ ಹೇಳಿಕೊಡುವವರಿಲ್ಲ. ನನ್ನ ಮಟ್ಟಿಗೆ ಪರಿಸರ ಪಾಠ ಎಂದರೆ ಉಳಿಸಿಕೊಳ್ಳುವುದೇ. ಪ್ರತಿ ವರ್ಷ ಒಣಗಿದ ತೋಟವನ್ನು ನೋಡಿ ಹೊಸ ತರಗತಿಗೆ ಹೋಗುವ ಮಗು ನಮ್ಮಿಂದ ಏನು ಕಲಿತಿರುತ್ತದೆ?

ಅನುಭವವಿದ್ದವರನ್ನು ಎರಡು ವಿಷಯ ಕೇಳಬೇಕಿದೆ. ರಜೆಯಲ್ಲಿ ತೋಟವನ್ನು ಯಾರ ಕೈಗೆ ಒಪ್ಪಿಸಬೇಕು? ಬೆಳೆದದ್ದನ್ನು ಏನು ಮಾಡಬೇಕು? ನಮ್ಮಲ್ಲಿ ಬಿಸಿಯೂಟ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತದೆ. ನಮ್ಮ ಸೊಪ್ಪು ಆ ಸಾಂಬಾರಿಗೆ ಸೇರುವ ದಾರಿಯೇ ಇಲ್ಲ.

ಬೇರುಮಣ್ಣು (ಹೆಸರಘಟ್ಟ)

ಮೇಡಂ, ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಯಾರ ಕೈಗೆ ಒಪ್ಪಿಸಬೇಕು ಎನ್ನುವ ಮೊದಲು ಏನನ್ನು ಒಪ್ಪಿಸುತ್ತೀರಿ ಎಂದು ನೋಡಿ. ಏಪ್ರಿಲ್‌ನಲ್ಲಿ ಮೆಂತ್ಯ, ಟೊಮ್ಯಾಟೊ ತುಂಬಿದ ಮಡಿಗಳನ್ನು ಕೊಟ್ಟರೆ ದಿನಕ್ಕೆ ಎರಡು ಹೊತ್ತು ನೀರು ಬೇಕು. ಅಷ್ಟನ್ನು ಯಾರೂ ಮಾಡುವುದಿಲ್ಲ, ಮಾಡಬೇಕೆಂದು ಕೇಳುವುದೂ ಸರಿಯಲ್ಲ.

ಶಾಲೆಯ ವರ್ಷ ಮತ್ತು ನಮ್ಮ ಮಳೆಯ ವರ್ಷ ಎರಡೂ ಜೂನ್‌ನಲ್ಲೇ ಶುರುವಾಗುತ್ತವೆ. ಇಂಥ ಅನುಕೂಲ ಇರುವಾಗ ಬಳಸಿಕೊಳ್ಳದಿದ್ದರೆ ಹೇಗೆ? ಶಾಲೆ ತೆರೆದ ವಾರವೇ ದಂಟು ಬಿತ್ತಿದರೆ ಇಪ್ಪತ್ತೈದು ಮೂವತ್ತು ದಿನಕ್ಕೆ ಕೊಯ್ಲು. ಮಕ್ಕಳಿಗೆ ಮೊದಲ ಫಲ ಬೇಗ ಸಿಗಬೇಕು, ಅದಕ್ಕೆ ಸೊಪ್ಪಿಗಿಂತ ಒಳ್ಳೆಯದಿಲ್ಲ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಸುಗುಣ ತಳಿಯನ್ನು ಹಾಕಿ, ಕೊಯ್ದಷ್ಟೂ ಚಿಗುರುತ್ತದೆ. ಬೆಂಡೆ, ಬದನೆ, ಹೀರೆ ದಸರಾ ರಜೆಗೆ ಮೊದಲು ಬರುವ ಹಾಗೆ ಹಾಕಬೇಕು. ಅವರೆ ಚಳಿಗಾಲದ್ದು. ಫೆಬ್ರವರಿ ನಂತರ ಹೊಸದಾಗಿ ಏನನ್ನೂ ಬಿತ್ತಬೇಡಿ.

ಬೇಸಿಗೆಗೆ ಉಳಿಯಬೇಕಾದದ್ದು ನುಗ್ಗೆ, ಕರಿಬೇವು, ಚಕ್ರಮುನಿ, ಪಪ್ಪಾಯ, ಬಾಳೆ, ಒಂದು ಮೂಲೆಯಲ್ಲಿ ಬಸಳೆ, ದೊಡ್ಡಪತ್ರೆ. ಬೇರು ಬಿಟ್ಟ ನುಗ್ಗೆ ಮನುಷ್ಯರ ಮುಖ ನೋಡದೆಯೂ ಬೇಸಿಗೆ ಕಳೆಯುತ್ತದೆ. ಚಕ್ರಮುನಿಯನ್ನು ಬೇಲಿಯ ಹಾಗೆ ಸಾಲಾಗಿ ನೆಟ್ಟು ಸೊಂಟದೆತ್ತರಕ್ಕೆ ಕತ್ತರಿಸುತ್ತಾ ಬಂದರೆ ವರ್ಷವಿಡೀ ಸೊಪ್ಪು. ಖಾಲಿಯಾದ ಮಡಿಗಳನ್ನು ಬರಿದಾಗಿ ಬಿಸಿಲಿಗೆ ಬಿಡಬೇಡಿ. ಬೆಂಗಳೂರಿನಲ್ಲಿ ಹೊಂಗೆ ಎಲೆ ಉದುರಿಸುವುದು ಫೆಬ್ರವರಿ, ಮಾರ್ಚ್‌ನಲ್ಲಿ, ನಿಮಗೆ ಎಲೆ ಬೇಕಾಗುವುದೂ ಆಗಲೇ. ರಸ್ತೆ ಬದಿಯಲ್ಲಿ ರಾಶಿ ಹಾಕಿ ಬೆಂಕಿ ಇಡುವ ಎಲೆಯನ್ನು ಚೀಲದಲ್ಲಿ ತುಂಬಿಸಿ ತಂದು ಮಡಿಯ ಮೇಲೆ ನಾಲ್ಕು ಬೆರಳು ದಪ್ಪ ಹೊದಿಸಿ. ನೆಲದ ಪಸೆ ಉಳಿಯುತ್ತದೆ, ಜೂನ್ ಹೊತ್ತಿಗೆ ಅರ್ಧ ಗೊಬ್ಬರವಾಗಿರುತ್ತದೆ.

ನೀರಿಗೆ ಮಡಕೆ ಹೂಳಿ. ಬಣ್ಣ ಬಳಿಯದ, ಮೆರುಗು ಕೊಡದ ಮಣ್ಣಿನ ಮಡಕೆಯೇ ಆಗಬೇಕು. ಬೆಂಗಳೂರಿನ ಪಾಟರಿ ಟೌನಿನಲ್ಲಿ ಸಿಗುತ್ತದೆ. ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚಿನ ಚೂರು ಮುಚ್ಚಿ. ಮಡಕೆ ಬೆವರಿದಷ್ಟೇ ನೀರು ಬೇರಿಗೆ ಹೋಗುತ್ತದೆ. ದಿನಾ ಬರಬೇಕಾದವರು ಮೂರು ನಾಲ್ಕು ದಿನಕ್ಕೊಮ್ಮೆ ಬಂದರೆ ಸಾಕು.

ನಾಲ್ಕನೇಅಡ್ಡರಸ್ತೆ (ಬೆಂಗಳೂರು)

ಶಾಲೆಯ ಪಕ್ಕದಲ್ಲಿ ಮನೆ ಇರುವವನಾಗಿ ಒಂದು ಮಾತು. ನಮ್ಮ ರಸ್ತೆಯ ಶಾಲೆಯಲ್ಲೂ ಒಳ್ಳೆಯ ತೋಟವಿತ್ತು. ಬೇಸಿಗೆಯಲ್ಲಿ ಅದು ಬಾಡುವುದನ್ನು ಮಹಡಿಯಿಂದ ನೋಡುತ್ತಾ ಇದ್ದೆವು. ನೀರು ಕೊಡಲು ನಾವು ನಾಲ್ಕೈದು ಮನೆಯವರು ಸಿದ್ಧರಿದ್ದೆವು, ಆದರೆ ಗೇಟಿಗೆ ಬೀಗ. ಬೀಗದ ಕೈ ಹೊರಗಿನವರಿಗೆ ಕೊಡುವ ಹಾಗಿಲ್ಲ ಎಂದರು. ಶಾಲೆಯ ಸಾಮಾನು, ದಾಖಲೆಗಳ ಹೊಣೆ ಹೊತ್ತವರ ಭಯ ನನಗೆ ಅರ್ಥವಾಗುತ್ತದೆ. ಆದರೆ ವರ್ಷದ ಹತ್ತು ತಿಂಗಳು ನಮ್ಮನ್ನು ಹೊರಗಿನವರು ಎಂದು ಇಟ್ಟು ಏಪ್ರಿಲ್‌ನಲ್ಲಿ ಸಮುದಾಯ ಎಂದು ಕರೆದರೆ ಯಾರು ಬರುತ್ತಾರೆ? ನಮ್ಮನ್ನು ಜೂನ್‌ನಲ್ಲೇ ಕರೆಯಿರಿ. ಬಿತ್ತುವ ದಿನ ಇದ್ದವರು ಬಾಡುವ ದಿನವೂ ಇರುತ್ತಾರೆ.

ಹೊಂಗೆನೆರಳು

ಸರ್, ಈ ಮಾತು ನಾಟಿತು. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತೋಟಕ್ಕೇ ಒಂದು ಠರಾವು ಮಾಡಿಸಿ, ಹಿಂಬದಿಯ ಚಿಕ್ಕ ಗೇಟಿನ ಕೈ ಮಾತ್ರ ಇಬ್ಬರು ಪೋಷಕರ ಹೆಸರಿನಲ್ಲಿ ಬರೆದುಕೊಡುವ ಯೋಚನೆ ಬಂದಿದೆ. ಕೊಠಡಿಗಳ ಕೈ ಎಂದಿನಂತೆ ಮುಖ್ಯ ಶಿಕ್ಷಕರ ಬಳಿಯೇ ಇರಲಿ. ಬೇರುಮಣ್ಣು ಸರ್, ಮಡಕೆಯ ಉಪಾಯವನ್ನು ಈ ವಾರವೇ ಶುರು ಮಾಡುತ್ತೇವೆ.

ಸಾರಿನಸೊಪ್ಪು (ಬೆಂಗಳೂರು)

ನಾನು ಎಸ್‌ಡಿಎಂಸಿ ಸದಸ್ಯೆ, ಇಬ್ಬರು ಮಕ್ಕಳ ತಾಯಿ. ಮೇಡಂ, ಬೆಳೆದದ್ದನ್ನು ಏನು ಮಾಡಬೇಕು ಎಂಬುದಕ್ಕೆ ನಮ್ಮ ಶಾಲೆಯಲ್ಲಿ ಸಿಕ್ಕಿದ ದಾರಿ ಹೇಳುತ್ತೇನೆ. ಶಾಲೆಯ ಆವರಣದಲ್ಲೇ ಅಂಗನವಾಡಿ ಇದೆ. ಅಲ್ಲಿ ಅಡುಗೆ ಅಲ್ಲೇ ಆಗುತ್ತದೆ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದ ಮೇಲೆ ಗರ್ಭಿಣಿಯರಿಗೆ, ಬಾಣಂತಿಯರಿಗೂ ಅಲ್ಲೇ ಬಿಸಿಯೂಟ ಶುರುವಾಯಿತು. ಸೊಪ್ಪಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು? ನಮ್ಮ ಐದನೆಯ ತರಗತಿಯ ಮಕ್ಕಳು ಸೊಪ್ಪು ಕೊಯ್ದು, ತೂಕ ಮಾಡಿ, ಪುಸ್ತಕದಲ್ಲಿ ಬರೆದು, ಪಕ್ಕದ ಕೊಠಡಿಗೆ ಕೊಟ್ಟು ಬರುತ್ತಾರೆ. ಅಂಗನವಾಡಿಗೆ ಶಾಲೆಯಷ್ಟು ಉದ್ದದ ರಜೆ ಇಲ್ಲ. ಹಾಗಾಗಿ ಏಪ್ರಿಲ್‌ನಲ್ಲೂ ಆವರಣದಲ್ಲಿ ಯಾರಾದರೂ ಇರುತ್ತಾರೆ. ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ.

ಅಂಗಳದಮಗಳು (ತುಮಕೂರು)

ಅಕ್ಕಾ, ನೀವು ಹೇಳಿದ್ದರಲ್ಲಿ ಮೊದಲಿನ ಭಾಗವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ನಮ್ಮಮ್ಮ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ತೂಕ, ಗರ್ಭಿಣಿಯರ ನೋಂದಣಿ, ಲಸಿಕೆ, ಮೊಬೈಲ್‌ನಲ್ಲಿ ದಾಖಲೆ, ಸಮೀಕ್ಷೆ, ಚುನಾವಣೆ ಕೆಲಸ, ಇಷ್ಟನ್ನೂ ಗೌರವಧನಕ್ಕೆ ಮಾಡುತ್ತಾರೆ. ‘ಅವರು ಹೇಗೂ ಅಲ್ಲೇ ಇರುತ್ತಾರಲ್ಲ’ ಎಂದು ತೋಟದ ನೀರನ್ನೂ ಅವರ ತಲೆಗೆ ಕಟ್ಟುವುದು ಬೇಡ. ಬಿಸಿಯೂಟದ ಅಡುಗೆಯವರ ವಿಷಯದಲ್ಲೂ ಇದೇ ಆಗುತ್ತಿದೆ. ಸಮುದಾಯದ ಕೆಲಸ ಎಂದ ಕೂಡಲೇ ಅದು ಅತಿ ಕಡಿಮೆ ಸಂಬಳದ ಹೆಂಗಸಿನ ಕೈಗೆ ಬಂದು ಸೇರುತ್ತದೆ. ಸೊಪ್ಪು ಅಂಗನವಾಡಿಗೆ ಹೋಗಲಿ. ನೀರು ಹಾಕುವ ಹೊಣೆ ಬೇರೆಯವರದಾಗಿರಲಿ, ಅದು ಕಾಗದದ ಮೇಲೆ ಇರಲಿ.

ಸಾರಿನಸೊಪ್ಪು

ನಿಜ, ತಂಗಿ. ನಮ್ಮಲ್ಲಿ ಅಂಗನವಾಡಿ ಟೀಚರ್ ಪ್ರೀತಿಯಿಂದ ಮಾಡುತ್ತಿದ್ದಾರೆ, ಆದರೆ ಅವರನ್ನು ಯಾರೂ ಕೇಳಿಲ್ಲ. ರಜೆಗೆ ಪೋಷಕರ ಪಾಳಿ ಹಾಕುವುದನ್ನು ಮುಂದಿನ ಸಭೆಯಲ್ಲಿ ನಾನೇ ಎತ್ತುತ್ತೇನೆ. ನೀರು ಹಾಕಿದ ಮನೆಗೆ ಆ ವಾರದ ಸೊಪ್ಪು, ನುಗ್ಗೆಕಾಯಿ ಎಂದರೆ ಜನ ಬರುತ್ತಾರೆ.

ಅಕ್ಷರಮೊದಲು (ಬೆಂಗಳೂರು)

ಎಲ್ಲರೂ ಉತ್ಸಾಹದಿಂದ ಬರೆಯುತ್ತಿದ್ದೀರಿ. ನನ್ನದು ಬೇರೆ ಅಭಿಪ್ರಾಯ, ದಯವಿಟ್ಟು ಬೇಸರಿಸಬೇಡಿ. ನಮ್ಮ ತಂದೆ ಕೂಲಿ ಮಾಡಿದವರು. ಮಣ್ಣು ಅಗೆಯುವುದು ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು, ಅದರಿಂದ ಹೊರಗೆ ಬರಲಿ ಎಂದೇ ಮಕ್ಕಳನ್ನು ಶಾಲೆಗೆ ಕಳುಹಿಸುತ್ತೇವೆ. ದುಬಾರಿ ಶುಲ್ಕದ ಶಾಲೆಯ ಮಗು ಮಡಿ ಮಾಡಿದರೆ ಅದು ಪ್ರಕೃತಿ ಪ್ರೇಮ. ನಮ್ಮ ಮಗು ಮಾಡಿದರೆ ‘ಇವರಿಗೆ ಇದು ಚೆನ್ನಾಗಿ ಬರುತ್ತದೆ’ ಎನ್ನುತ್ತಾರೆ. ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. 2023ರ ಕೊನೆಯಲ್ಲಿ ರಾಜ್ಯದ ಶಾಲೆಗಳಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಅಲ್ಲಿ ಕೆಲಸಕ್ಕೆ ಯಾರ ಮಕ್ಕಳನ್ನು ಕರೆದಿದ್ದರು ಎಂಬುದನ್ನು ಮರೆಯಬೇಡಿ. ಕೊನೆಯ ಬೆಂಚಿನ ಮಕ್ಕಳನ್ನು ಎಬ್ಬಿಸಿ ತೋಟಕ್ಕೆ ಕಳುಹಿಸುವ ಶಾಲೆಗಳಿಲ್ಲವೇ? ಓದು ಬರಹವೇ ಸರಿಯಾಗಿ ಬಾರದ ಕಡೆ ಆ ಸಮಯವನ್ನು ಓದಿಗೆ ಕೊಡಿ.

ಲೆಕ್ಕದಮೇಷ್ಟರು (ಮೈಸೂರು)

ನಿವೃತ್ತ ಗಣಿತ ಶಿಕ್ಷಕ ನಾನು. ಅಕ್ಷರಮೊದಲು ಅವರ ಮಾತನ್ನು ತೋಟ ಮಾಡುವ ಪ್ರತಿ ಶಾಲೆಯೂ ಮೊದಲ ದಿನವೇ ಎದುರಿಗಿಟ್ಟುಕೊಳ್ಳಬೇಕು. ತೋಟದ ಕೆಲಸ ಶಿಕ್ಷೆಯಾಗಿ ಕೊಡಬಾರದು, ಪಾಠದ ಹೊತ್ತಿನಲ್ಲಿ ಆಯ್ದ ಕೆಲವರಿಗೆ ಕೊಡಬಾರದು, ಶಿಕ್ಷಕರು ನೆರಳಲ್ಲಿ ನಿಂತು ಮಾಡಿಸಬಾರದು. ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರ ಪಾಳಿ ಬರಬೇಕು, ಮುಖ್ಯ ಶಿಕ್ಷಕರದ್ದೂ ಸೇರಿ. ಹೀಗೆ ಮಾಡಲು ಆಗದಿದ್ದರೆ ತೋಟ ಬೇಡ ಎಂದೇ ನಾನೂ ಹೇಳುತ್ತೇನೆ. ಕೈಕೆಲಸದ ಮೂಲಕ ಕಲಿಕೆ ಎಂದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮನ್ನು ಮುಂದಿಟ್ಟಾಗ ಆಶಯ ದೊಡ್ಡದಿತ್ತು. ಕೆಲಸ ಉಳಿದು ಕಲಿಕೆ ಜಾರಿಹೋದ ಕಡೆ ಅದು ಸೋತಿತು.

ಆದರೆ ಓದಿನ ಸಮಯ ಹಾಳು ಎಂಬುದನ್ನು ಮಾತ್ರ ಒಪ್ಪಲಾರೆ, ಸರ್. ಒಂದು ಲೆಕ್ಕ ಕೊಡುತ್ತೇನೆ. ಪ್ರಾಥಮಿಕ ತರಗತಿಯ ಮಗುವಿಗೆ ಬಿಸಿಯೂಟದಲ್ಲಿ ದಿನಕ್ಕೆ 50 ಗ್ರಾಂ ತರಕಾರಿ ಎಂದು ಪ್ರಮಾಣ ನಿಗದಿಯಾಗಿದೆ, ಹಿರಿಯ ಪ್ರಾಥಮಿಕಕ್ಕೆ 75 ಗ್ರಾಂ. ಇನ್ನೂರು ಚಿಕ್ಕ ಮಕ್ಕಳಿದ್ದರೆ ದಿನಕ್ಕೆ ಹತ್ತು ಕಿಲೋ ಬೇಕು. ಹತ್ತು ಚದರ ಮೀಟರಿನ ದಂಟಿನ ಮಡಿ ಚೆನ್ನಾಗಿ ಬಂದರೆ ತಿಂಗಳಿಗೆ ಇಪ್ಪತ್ತು ಕಿಲೋ ಕೊಡುತ್ತದೆ ಎಂದುಕೊಳ್ಳಿ. ಅಂದರೆ ಒಂದು ತಿಂಗಳ ದುಡಿಮೆ ಎರಡು ದಿನದ ಊಟ. ಈ ಲೆಕ್ಕವನ್ನು ಏಳನೆಯ ತರಗತಿಯವರಿಂದಲೇ ಮಾಡಿಸಿ. ನಗರಕ್ಕೆ ಊಟ ಎಲ್ಲಿಂದ ಬರುತ್ತದೆ, ಎಷ್ಟು ನೆಲ, ಎಷ್ಟು ನೀರು, ಎಷ್ಟು ಜನರ ಬೆವರು ಎಂಬುದು ಆಗ ಅವರಿಗೆ ತಾವಾಗಿ ತಿಳಿಯುತ್ತದೆ. ಶಾಲೆಯ ತೋಟ ಅಪೌಷ್ಟಿಕತೆ ನೀಗಿಸುತ್ತದೆ ಎಂದು ಭಾಷಣ ಮಾಡುವವರೂ ಒಮ್ಮೆ ಇದನ್ನು ಗುಣಿಸಿ ನೋಡಬೇಕು. ಅಷ್ಟು ದೊಡ್ಡ ಭಾರವನ್ನು ಅದರ ಮೇಲೆ ಹೊರಿಸಿದರೆ, ಅದು ನಿಜವಾಗಿ ಕೊಡಬಲ್ಲದ್ದೂ ಕಾಣದೆ ಹೋಗುತ್ತದೆ.

ಮಳೆಯ ಪಾಠ ನನಗೆ ಇನ್ನೂ ಪ್ರಿಯವಾದದ್ದು. ನೇರ ಗೋಡೆಯ ಸ್ಟೀಲ್ ಡಬ್ಬಿಯೊಂದನ್ನು ಬಯಲಲ್ಲಿಟ್ಟು, ಮಳೆ ನಿಂತ ಮೇಲೆ ಸ್ಕೇಲು ಅದ್ದಿ ಮಿಲಿಮೀಟರಿನಲ್ಲಿ ಅಳೆಯುವುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಇದು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಘನ ಅಳತೆಯ ಪಾಠ ಅಲ್ಲಿಂದ ಶುರು ಮಾಡಿ. ತಾರೀಕಿನ ಜೊತೆ ಮಳೆ ನಕ್ಷತ್ರವನ್ನೂ ಬರೆಸುತ್ತಿದ್ದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಅಜ್ಜಿ ಹೇಳಿದ್ದು ಈ ವರ್ಷದ ಅಂಕಿಗೆ ಹೊಂದುತ್ತದೆಯೇ ಎಂದು ಮಕ್ಕಳೇ ನೋಡಲಿ. ಓದು ಬಾರದ ಹುಡುಗನೊಬ್ಬ ಆ ಪುಸ್ತಕದಲ್ಲಿ ಆರಿದ್ರಾ, ಪುನರ್ವಸು ಎಂದು ಒತ್ತಕ್ಷರ ತಪ್ಪದೆ ಬರೆಯುವುದನ್ನು ಕಲಿತ.

ಅಕ್ಷರಮೊದಲು

ಮೇಷ್ಟರೇ, ಹಾಜರಿ ಪುಸ್ತಕದ ಕ್ರಮ, ಮುಖ್ಯ ಶಿಕ್ಷಕರೂ ಸೇರಿ ಎಂಬುದನ್ನು ಬರವಣಿಗೆಯಲ್ಲಿ ಶಾಲೆಯ ಗೋಡೆಗೆ ಅಂಟಿಸಿದರೆ ನನ್ನ ವಿರೋಧವಿಲ್ಲ. ಅಂಟಿಸದ ಕಡೆ ವಿರೋಧ ಇದ್ದೇ ಇರುತ್ತದೆ.

ಪಾಯದಗೋಡೆ (ಬೆಂಗಳೂರು)

ಸಿವಿಲ್ ಎಂಜಿನಿಯರ್ ಆಗಿ ತಾರಸಿಯ ವಿಷಯದಲ್ಲಿ ಎಚ್ಚರಿಸಬೇಕು. ಜನರು ಓಡಾಡುವ ಆರ್‌ಸಿಸಿ ತಾರಸಿಗೆ, ಕಟ್ಟಡಗಳ ಭಾರ ಕುರಿತ ಐಎಸ್ 875 ಸಂಹಿತೆ ಲೆಕ್ಕ ಹಾಕುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಒಂದು ಗೇಣು ಆಳದ ಒದ್ದೆ ಮಣ್ಣು ಅದೇ ಜಾಗದಲ್ಲಿ 350 ಕಿಲೋ ತೂಗುತ್ತದೆ. ಹಳೆಯ ಶಾಲಾ ಕಟ್ಟಡದ ಮೇಲೆ ಇಟ್ಟಿಗೆ ಕಟ್ಟಿ ಮಣ್ಣು ತುಂಬಬೇಡಿ, ಯಾವ ದಾನಿ ಬಂದು ಒತ್ತಾಯಿಸಿದರೂ. ತೆಂಗಿನ ನಾರಿನ ಪುಡಿ ಹೆಚ್ಚಿರುವ ಹಗುರ ಮಿಶ್ರಣದ ಚೀಲಗಳನ್ನು ಕೆಳಗಡೆ ಗೋಡೆ ಅಥವಾ ತೊಲೆ ಇರುವ ಗೆರೆಯಲ್ಲಷ್ಟೇ ಇಡಿ. ಅದಕ್ಕೂ ಮೊದಲು ಎಂಜಿನಿಯರ್ ಒಬ್ಬರು ಬಂದು ಕಟ್ಟಡ ನೋಡಲಿ. ತಾರಸಿಯ ಕಟ್ಟೆ ಗಿಡ್ಡವಾಗಿದ್ದರೆ ಮಕ್ಕಳನ್ನು ಮೇಲೆ ಹತ್ತಿಸಲೇಬಾರದು. ನನ್ನನ್ನು ಕೇಳಿದರೆ ತಾರಸಿ ಮಳೆ ಹಿಡಿಯಲಿ, ಗಿಡ ನೆಲದಲ್ಲಿರಲಿ.

2024ರ ಮಾರ್ಚ್ ನೆನಪಿರಬಹುದು. ನೀರಿಗೆ ಹಾಹಾಕಾರ ಎದ್ದಾಗ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಮತ್ತೆ ಅಂಥ ವರ್ಷ ಬಂದರೆ ನಲ್ಲಿ ನೀರು ನಂಬಿದ ತೋಟ ಒಂದೇ ವಾರ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಮೇಷ್ಟರ ಲೆಕ್ಕವನ್ನೇ ಹಿಡಿದರೆ, ನೂರು ಚದರ ಮೀಟರಿನ ತಾರಸಿಯಿಂದ ಸೋರಿಕೆ, ಆವಿ ಕಳೆದರೂ ವರ್ಷಕ್ಕೆ ಎಪ್ಪತ್ತೈದು ಸಾವಿರ ಲೀಟರಿನಷ್ಟು ಸಿಗುತ್ತದೆ. ಅಷ್ಟನ್ನೂ ಕೂಡಿಡಬೇಕಿಲ್ಲ. ಬೇರುಮಣ್ಣು ಸರ್ ಹೇಳಿದ ಗಿಡ, ಮಡಕೆ, ಎಲೆಯ ಹೊದಿಕೆ ಇದ್ದರೆ ಸಣ್ಣ ತೋಟಕ್ಕೆ ದಿನಕ್ಕೆ ನೂರು ಲೀಟರ್ ಸಾಕು. ಐದು ಸಾವಿರ ಲೀಟರಿನ ಒಂದು ಟ್ಯಾಂಕು ರಜೆ ದಾಟಿಸುತ್ತದೆ. ಅಕ್ಟೋಬರ್, ನವೆಂಬರ್ ಮಳೆಯಲ್ಲಿ ತುಂಬಿಸಿ ಮುಚ್ಚಳ ಬಿಗಿದು, ಅದನ್ನು ರಜೆಯವರೆಗೆ ಮುಟ್ಟಬೇಡಿ. ಮುಚ್ಚಳ ಸಡಿಲವಾದರೆ ಡೆಂಗಿ ಸೊಳ್ಳೆಗೆ ಮನೆ ಕಟ್ಟಿಕೊಟ್ಟ ಹಾಗೆ. ಮೇ ತಿಂಗಳಲ್ಲಿ ನಗರಕ್ಕೆ ಸರಾಸರಿ ನೂರು ಮಿಲಿಮೀಟರಿಗಿಂತ ಹೆಚ್ಚು ಮಳೆ ಬರುತ್ತದೆ. ಪೈಪು ಸರಿಯಾಗಿದ್ದರೆ ಟ್ಯಾಂಕು ತಾನೇ ಮತ್ತೆ ತುಂಬಿಕೊಳ್ಳುತ್ತದೆ.

ಶಾಲೆ ನಡೆಯುವ ದಿನಗಳಲ್ಲಿ ಟ್ಯಾಂಕಿನ ಹಂಗೇ ಬೇಡ. ಊಟದ ನಂತರ ಮಕ್ಕಳು ಸಾಲು ನಲ್ಲಿಗಳಲ್ಲಿ ತಟ್ಟೆ, ಕೈ ತೊಳೆಯುವುದನ್ನು ಹೋಗಿ ನಿಂತು ನೋಡಿ. ಅನ್ನದ ಅಗಳು, ಸಾಂಬಾರಿನ ಬೇಳೆ ತೇಲುವ ನೀರು ಉದ್ದಕ್ಕೂ ಹರಿದು ಚರಂಡಿ ಸೇರುತ್ತದೆ. ಒಂದು ಮಗು ಎರಡೇ ಲೀಟರ್ ಬಳಸಿದರೂ ಇನ್ನೂರು ಮಕ್ಕಳಿಗೆ ನಾನೂರು ಲೀಟರ್. ನಲ್ಲಿ ಕಟ್ಟೆಯ ತುದಿಯಲ್ಲಿ ಒಂದು ಜಾಲರಿ, ಅದರ ಕೆಳಗೆ ಜಲ್ಲಿ ತುಂಬಿದ ಗುಂಡಿ, ಅಲ್ಲಿಂದ ಇಳಿಜಾರಿನಲ್ಲಿ ಬಾಳೆಯ ಸಾಲು. ನಮ್ಮ ಹಿರಿಯರು ಬಚ್ಚಲ ನೀರಿಗೆ ಬಾಳೆ, ಕೆಸು ಹಾಕುತ್ತಿದ್ದದ್ದು ಇದೇ ತಿಳಿವಳಿಕೆಯಿಂದ. ಸೊಪ್ಪಿನ ಮಡಿಗೆ ಮಾತ್ರ ಈ ನೀರು ಬೇಡ.

ಎರೆಭೂಮಿ (ಧಾರವಾಡ)

ಇಲ್ಲಿ ಓದುವ ಎಲ್ಲರೂ ಬೆಂಗಳೂರಿನವರಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಕಡೆಯ ಎರೆ ಮಣ್ಣು ಕೆಮ್ಮಣ್ಣಿನ ಹಾಗಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಹೂಳಿದ ಮಡಕೆ ಒಡೆಯುವುದೂ ಉಂಟು. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಏರು ಮಡಿ ಮಾಡಿ, ಗೊಬ್ಬರ ಧಾರಾಳವಾಗಿ ಸೇರಿಸಿ. ಆದರೆ ಅದೇ ಎರೆಯಲ್ಲಿ ಹಿಂಗಾರಿಗೆ ಕಡಲೆ ಹಾಕಿದರೆ ನೀರು ಹಾಕುವ ಚಿಂತೆಯೇ ಇಲ್ಲ, ಮಣ್ಣಲ್ಲಿ ಉಳಿದ ಪಸೆಗೇ ಬೆಳೆಯುತ್ತದೆ. ಮಕ್ಕಳು ಹಸಿ ಕಡಲೆ ಸುಲಿದು ತಿನ್ನುವ ಸಂತೋಷವನ್ನು ನಗರದ ಶಾಲೆಗಳಲ್ಲೂ ನೋಡಬೇಕು.

ಕಡಲತಡಿ (ಮಂಗಳೂರು)

ನಮಗೆ ಸಮಸ್ಯೆ ಏಪ್ರಿಲ್ ಅಲ್ಲ, ಜೂನ್, ಜುಲೈ. ಶಾಲೆ ಶುರುವಾಗುವ ಹೊತ್ತಿಗೆ ಮಳೆ ಧಾರಾಕಾರವಾಗಿ ಬಿತ್ತಿದ್ದನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ನಾವು ಹರಿವೆ ಬಿತ್ತುವುದು ಚೌತಿಯ ನಂತರ. ಮಳೆಗಾಲಕ್ಕೆ ತೊಂಡೆ, ಬಸಳೆಯ ಚಪ್ಪರ ಸಾಕು.

ಗುಲಗಂಜಿಹುಳು (ಬೆಂಗಳೂರು)

ಆರೋಗ್ಯದ ದೃಷ್ಟಿಯಿಂದ ಕೆಲವು ಮಾತು. ಹಳೆಯ ಬಣ್ಣದ ಡಬ್ಬಿಗಳನ್ನು ಕುಂಡ ಮಾಡಿಕೊಳ್ಳುವುದು ಎಲ್ಲ ಶಾಲೆಗಳಲ್ಲೂ ಕಾಣುತ್ತದೆ, ಚಂದವಾಗಿಯೂ ಕಾಣುತ್ತದೆ. ಬೇಡ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕಿಂತ ಹಿಂದಿನ ಡಬ್ಬಿ, ಹಳೆಯ ಕಿಟಕಿ ಬಾಗಿಲಿನ ಸಿಪ್ಪೆ ಎದ್ದ ಬಣ್ಣ ಎರಡನ್ನೂ ತಿನ್ನುವ ಗಿಡದ ಮಣ್ಣಿನಿಂದ ದೂರ ಇಡಿ. ಮುಖ್ಯ ರಸ್ತೆಗೆ ಅಂಟಿದ ಕಾಂಪೌಂಡಿನ ಬದಿಯಲ್ಲಿ ಸೊಪ್ಪು ಹಾಕದೆ ಹೂವು ಅಥವಾ ಬೇಲಿ ಗಿಡ ಹಾಕಿ. ಮಣ್ಣು ಪರೀಕ್ಷೆಗೆ ಕೊಟ್ಟಾಗ ಸಾಮಾನ್ಯವಾಗಿ ರಸಸಾರ, ಸಾರಜನಕ, ರಂಜಕ, ಪೊಟ್ಯಾಷ್ ಇಷ್ಟನ್ನೇ ನೋಡುತ್ತಾರೆ. ಭಾರ ಲೋಹಗಳ ಪರೀಕ್ಷೆ ಬೇಕೆಂದು ಬೇರೆಯಾಗಿಯೇ ಕೇಳಬೇಕು. ಹಿಂದೆ ಗುಜರಿ, ಗ್ಯಾರೇಜು, ಕಟ್ಟಡದ ಕಸ ಇದ್ದ ಜಾಗವಾದರೆ ಕೇಳಲೇಬೇಕು.

ಮಳೆಗಾಲದಲ್ಲಿ ದೊಡ್ಡ ಆಫ್ರಿಕನ್ ಬಸವನಹುಳು ಬಂದರೆ ಮಕ್ಕಳು ಬರಿಗೈಯಲ್ಲಿ ಹಿಡಿಯದಿರಲಿ. ಅದು ಮಿದುಳಿಗೆ ತೊಂದರೆ ಕೊಡುವ ಒಂದು ಜಂತುವನ್ನು ಹೊತ್ತು ತರಬಲ್ಲದು. ದೊಡ್ಡವರು ಕೈಗವಸು ಹಾಕಿ ಆರಿಸಿ ಉಪ್ಪು ನೀರಿಗೆ ಹಾಕಲಿ. ಉಳಿದ ಹುಳುಗಳಿಗೆ ಔಷಧದ ಮಾತೇ ಬೇಡ. ಅವರೆಯ ಕುಡಿಗೆ ಸಸ್ಯಹೇನು ಮುತ್ತಿದರೆ ನಾಲ್ಕು ದಿನ ಸುಮ್ಮನಿದ್ದು ಭೂತಗನ್ನಡಿ ಕೊಟ್ಟು ಮಕ್ಕಳನ್ನು ಕೂರಿಸಿ. ಗುಲಗಂಜಿ ಹುಳು (ಲೇಡಿಬರ್ಡ್) ಬರುತ್ತದೆ. ಅದರ ಮರಿ ಕಪ್ಪಗೆ, ಮೊಸಳೆಯ ಆಕಾರದಲ್ಲಿ ಇರುತ್ತದೆ, ಎಷ್ಟೋ ದೊಡ್ಡವರು ಅದನ್ನೇ ಕೀಟವೆಂದು ಹೊಸಕಿ ಹಾಕುತ್ತಾರೆ. ಅದು ಹೇನನ್ನು ಒಂದೊಂದಾಗಿ ಹಿಡಿದು ಹೀರುವುದನ್ನು ಕಣ್ಣಾರೆ ಕಂಡ ಮಗುವಿಗೆ ಆಹಾರ ಸರಪಳಿಯ ಚಿತ್ರವನ್ನು ಬೇರೆ ಬಿಡಿಸಿ ತೋರಿಸಬೇಕಿಲ್ಲ.

ದೂರದೂರು (ಕ್ಯಾಲಿಫೋರ್ನಿಯ)

ನಾನಿರುವ ಕಡೆಯ ಬರ್ಕ್ಲಿಯಲ್ಲಿ 1995ರಲ್ಲಿ ಆಲಿಸ್ ವಾಟರ್ಸ್ ಎಂಬವರು ಮಾರ್ಟಿನ್ ಲೂಥರ್ ಕಿಂಗ್ ಮಾಧ್ಯಮಿಕ ಶಾಲೆಯಲ್ಲಿ ‘ಎಡಿಬಲ್ ಸ್ಕೂಲ್‌ಯಾರ್ಡ್’ ಎಂಬ ತೋಟ ಶುರು ಮಾಡಿದರು. ಅವರು ಹೆಸರಾಂತ ರೆಸ್ಟೋರೆಂಟ್ ನಡೆಸುವವರು. ತೋಟ ಎಬ್ಬಿಸಿದ್ದು ಡಾಂಬರು ಹಾಕಿದ್ದ ಜಾಗದಲ್ಲಿ. ಇಲ್ಲಿಯೂ ಬೇಸಿಗೆ ರಜೆ ಒಂದು ಹನಿ ಮಳೆ ಬಾರದ ತಿಂಗಳುಗಳಲ್ಲೇ ಬರುತ್ತದೆ. ಆದರೂ ಅದು ಇಷ್ಟು ವರ್ಷ ಬಾಳಿದೆ. ತೋಟಕ್ಕೇ ಸಂಬಳದ ಸಿಬ್ಬಂದಿ ಇದ್ದಾರೆ, ಪಕ್ಕದಲ್ಲೇ ಅಡುಗೆ ಕಲಿಸುವ ಕೊಠಡಿ ಇದೆ. ನಮ್ಮೂರಿನ ಶಾಲೆಗಳಿಗೆ ಅಷ್ಟು ಹಣ ಬರಲಿಕ್ಕಿಲ್ಲ. ಆದರೆ ದಾನ ಕೊಡುವವರು ಬೀಜ, ಸಲಕರಣೆ, ಫಲಕಕ್ಕೆ ಕೊಡುವ ಬದಲು ರಜೆಯ ಒಂದೂವರೆ ತಿಂಗಳಿಗೆ ಒಬ್ಬರ ಕೂಲಿ ಕೊಡಬಹುದಲ್ಲವೇ? ಅಂಗಳದಮಗಳು ಅವರು ಎತ್ತಿದ ಪ್ರಶ್ನೆಗೂ ಅದೇ ನ್ಯಾಯವಾದ ಉತ್ತರ.

ಅವರೆಚಪ್ಪರ (ಕೋಲಾರ)

ಅಜ್ಜಿಯರನ್ನು ಯಾರೂ ನೆನೆಸಲಿಲ್ಲವಲ್ಲ! ನಮ್ಮ ಶಾಲೆಯಲ್ಲಿ ಕಳೆ ಕೀಳುವ ದಿನ ಒಬ್ಬ ಹುಡುಗಿಯ ಅಜ್ಜಿ ಗೇಟಿನ ಬಳಿ ಬಂದವರು ‘ಅಯ್ಯೋ, ಇದನ್ನೇಕೆ ಎಸೆಯುತ್ತೀರಿ’ ಎಂದು ಕೂತೇಬಿಟ್ಟರು. ಮಕ್ಕಳು ಕಳೆಯೆಂದು ಗುಡ್ಡೆ ಹಾಕಿದ್ದರಲ್ಲಿ ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಗಣಿಕೆ, ಹೊನಗೊನ್ನೆ ಇದ್ದವು. ಒಂದೊಂದನ್ನೂ ಎತ್ತಿ, ಎಲೆಯ ಅಡಿಭಾಗ ತೋರಿಸಿ, ಕಾಂಡ ಮುರಿದು ಮೂಸಿಸಿ, ಯಾವುದನ್ನು ತಿನ್ನಬಾರದು ಎಂಬುದನ್ನು ಮೊದಲು ಹೇಳಿದರು. ಆ ಬೆರಕೆ ಸೊಪ್ಪಿನಿಂದ ಮಸ್ಸೊಪ್ಪು ಮಾಡಿದ್ದು ಬೇರೆ ಮಾತು. ಬಿತ್ತದೆ, ನೀರು ಹಾಕದೆ ಬರುವ ಊಟವಿದೆ ಎಂಬುದು ನಮ್ಮ ಯಾವ ತರಬೇತಿ ಕೈಪಿಡಿಯಲ್ಲೂ ಇರಲಿಲ್ಲ. ಆ ಅಜ್ಜಿ ಈಗ ಬ್ಯಾಗ್‌ರಹಿತ ಶನಿವಾರಗಳಂದು ಶಾಲೆಗೆ ಬರುತ್ತಾರೆ, ಕುರ್ಚಿ ಹಾಕಿ ಕೂರಿಸುತ್ತೇವೆ. ಓದು ಬಾರದವರು ಶಾಲೆಯಲ್ಲಿ ಗುರುವಾಗಿ ಕೂರುವುದನ್ನು ಮಕ್ಕಳು ನೋಡಬೇಕು. ಅಕ್ಷರಮೊದಲು ಸರ್, ನಿಮ್ಮ ತಂದೆಯವರಂಥವರಿಗೆ ಮಣ್ಣಿನ ಬಗ್ಗೆ ಗೊತ್ತಿರುವುದನ್ನು ಜ್ಞಾನ ಎಂದು ಶಾಲೆ ಒಪ್ಪಿಕೊಂಡರೆ ನಿಮ್ಮ ನೋವಿಗೆ ಸ್ವಲ್ಪವಾದರೂ ಪರಿಹಾರ ಸಿಗಬಹುದು ಎಂದು ನನ್ನ ಆಸೆ.

ಅಕ್ಷರಮೊದಲು

ಸರ್, ನಮ್ಮ ತಂದೆಗೆ ಹಾಗೆ ಯಾರಾದರೂ ಕುರ್ಚಿ ಹಾಕಿದ್ದರೆ ನಾನು ಮೇಲಿನದನ್ನು ಬರೆಯುತ್ತಿರಲಿಲ್ಲ.

ಹೊಂಗೆನೆರಳು

ಎಲ್ಲರಿಗೂ ಕೃತಜ್ಞತೆ. ಇದನ್ನೆಲ್ಲ ಮುಂದಿಟ್ಟುಕೊಂಡು ಎಸ್‌ಡಿಎಂಸಿ ಸಭೆ ನಡೆಸಿದೆವು. ಹಿಂಬದಿ ಗೇಟಿನ ಕೈ ಇಬ್ಬರು ಪೋಷಕರಿಗೆ, ಠರಾವಿನೊಂದಿಗೆ. ಕೆಲಸದ ಪಾಳಿ ಹಾಜರಿ ಕ್ರಮದಲ್ಲಿ, ಮುಖ್ಯ ಶಿಕ್ಷಕರ ಹೆಸರೂ ಅದರಲ್ಲಿದೆ, ಗೋಡೆಗೆ ಅಂಟಿಸಿದ್ದೇವೆ. ಸೊಪ್ಪು ಅಂಗನವಾಡಿಗೆ. ರಜೆಯಲ್ಲಿ ನೀರು ಹಾಕಲು ಹಳೆಯ ವಿದ್ಯಾರ್ಥಿಯ ತಾಯಿಯೊಬ್ಬರು ಒಪ್ಪಿದ್ದಾರೆ, ಅವರಿಗೆ ಕೂಲಿ ಕೊಡಲು ರಸ್ತೆಯ ಅಂಗಡಿಯವರು ಸೇರಿ ಹಣ ಕೂಡಿಸುತ್ತಿದ್ದಾರೆ. ಟ್ಯಾಂಕಿಗೆ ಈ ವರ್ಷ ಹಣವಿಲ್ಲ. ಇರುವ ಡ್ರಮ್ಮುಗಳಿಗೆ ಮುಚ್ಚಳ ಮಾಡಿಸುತ್ತಿದ್ದೇವೆ. ಒಪ್ಪದ ಪೋಷಕರೂ ಇದ್ದಾರೆ, ಅವರ ಜೊತೆ ಮಾತು ಮುಂದುವರಿಯುತ್ತದೆ. ಬದನೆ, ಟೊಮ್ಯಾಟೊ ಗಿಡಗಳನ್ನು ಏಪ್ರಿಲ್ ಮೊದಲ ವಾರ ಕಿತ್ತು ಗೊಬ್ಬರದ ಗುಂಡಿಗೆ ಹಾಕುವುದೆಂದು ಮಕ್ಕಳಿಗೆ ಹೇಳಿದಾಗ ಇಬ್ಬರು ಅತ್ತರು. ಬೀಜಕ್ಕೆಂದು ಎರಡು ಬದನೆ ಹಣ್ಣು ಉಳಿಸಿಕೊಂಡಿದ್ದಾರೆ.

ಚಕ್ರಮುನಿ ಕಡ್ಡಿ, ನುಗ್ಗೆ ಕೊಂಬೆ ಯಾರ ಬಳಿಯಾದರೂ ಇದೆಯೇ?

ಬೇರುಮಣ್ಣು

ಚಕ್ರಮುನಿ ನನ್ನ ಬೇಲಿಯಲ್ಲೇ ಇದೆ, ಮೇಡಂ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಗೇಣುದ್ದ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ಇಡುತ್ತೇನೆ. ಮಕ್ಕಳನ್ನೂ ಕರೆತನ್ನಿ, ಕತ್ತರಿಸುವುದನ್ನು ಅವರೇ ಕಲಿಯಲಿ. ನುಗ್ಗೆ ಕೊಂಬೆ ಈಗ ಬೇಡ, ಭರಣಿ ಮಳೆ ಬಿದ್ದ ಮೇಲೆ ಕೊಡುತ್ತೇನೆ.